ದೋಣಿ ಉಳಿಸಲು ಬೇವಿಗೆ ಕೊಡಲಿಯೇ?

ಸೂರಿಗೆ ಕಟ್ಟಿದ ನೀರುದೋಣಿಯಲ್ಲಿ ಎಲೆ ತುಂಬುತ್ತದೆಂದು ಅಂಗಳದ ಬೇವನ್ನೇ ಕಡಿಯುವವರಿಗೆ ಒಂದು ಪ್ರಶ್ನೆ: ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಮಳೆಯ ದಿನಗಳೆಷ್ಟು, ಬಿಸಿಲಿನ ದಿನಗಳೆಷ್ಟು?

ದೋಣಿ ಬೇಡವೆಂದು ನಾವು ಹೇಳುತ್ತಿಲ್ಲ. ಹುನಗುಂದ, ಇಳಕಲ್ ಭಾಗದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ಅದರ ಗುರುತು. 50 ಚದರ ಮೀಟರ್ ಸೂರಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ 500 ಲೀಟರ್ ನೀರು. ಅದನ್ನು ಗಟಾರಕ್ಕೆ ಬಿಡುವುದು ಅವಿವೇಕ.

ಆದರೆ ಜಾಲರಿ ಹೊದಿಸಿದರೆ ಕೆಲಸ ತೀರಿತೆನ್ನುವ ವ್ಯಾಪಾರಿಯ ಮಾತು ಅರ್ಧಸತ್ಯ. ಅಗಲ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಆಲದೆಲೆಯನ್ನು ತಡೆದೀತು. ಹುಣಸೆಯ ಪುಟ್ಟ ಎಲೆ, ಬೇವಿನ ಹೂವು ನುಸುಳಿಯೇ ತೀರುತ್ತವೆ. ಸ್ಪಂಜಿನ ಪಟ್ಟಿಯಂತೂ ಸರ್ವಥಾ ಬೇಡ. ಬಾದಾಮಿ ಗುಡ್ಡದ ಕೆಂಪು ಧೂಳು ಅದರೊಳಗೆ ಕೆಸರಾಗಿ ಕುಳಿತರೆ ನೀರು ಗೋಡೆಗೆ ಇಳಿಯುತ್ತದೆ. ಮಣ್ಣಿನ ಗೋಡೆಯಾದರೆ ಕೇಳುವುದೇ ಬೇಡ! ತುಕ್ಕು ಹಿಡಿಯದ ಉಕ್ಕಿನ ಸಣ್ಣ ಕಣ್ಣಿನ ಜಾಲರಿಯನ್ನು ಓರೆಯಾಗಿ ಕೂಡಿಸಿರಿ. ಅದರ ಮೇಲೂ ಧೂಳು ಕೂರುತ್ತದೆ, ಆದರೆ ಬಿಚ್ಚಿ ತೊಳೆಯಬಹುದು. ಅಷ್ಟು ಹಣವಿಲ್ಲದವರಿಗೆ ಇಳಿಕೊಳವೆಯ ಬಾಯಿಗೊಂದು ತಂತಿಬುಟ್ಟಿ ಸಾಕು.

ಬೇವು ಹಳೆಯ ಎಲೆಯನ್ನು ಬಹುಪಾಲು ಉದುರಿಸುವುದು ಯುಗಾದಿಗೆ ಮೊದಲೇ, ಮುಂಗಾರು ಇನ್ನೂ ದೂರವಿರುವಾಗ. ಮೇ ಕೊನೆಗೊಮ್ಮೆ, ನಮ್ಮಲ್ಲಿ ಹೆಚ್ಚು ಮಳೆ ತರುವ ಸೆಪ್ಟೆಂಬರಿಗೆ ಮೊದಲು ಇನ್ನೊಮ್ಮೆ ಏಣಿ ಹತ್ತಿ ದೋಣಿ ಬಳಿಯುವುದು ಅರ್ಧ ದಿನದ ಕೆಲಸ. ಆ ಸೋಮಾರಿತನಕ್ಕೆ ಅಜ್ಜ ನೆಟ್ಟ ನೆರಳು ಬಲಿಯಾಗುತ್ತಿದೆ. ಈ ಮೇ ತಿಂಗಳಲ್ಲಿ ಕೊಡಲಿಯನ್ನು ಒಳಗಿಟ್ಟು ಏಣಿಯನ್ನು ಹೊರತೆಗೆಯಿರಿ. ಮೊದಲ ಮಳೆಯ ನೀರನ್ನು ಗಿಡಕ್ಕೆ ಬಿಟ್ಟು, ಮುಂದಿನದನ್ನು ತೊಟ್ಟಿಗೆ ಹಾಯಿಸಿರಿ.