ಮನೆಯ ಮಾತು, ತರುಣರ ಮನಸ್ಸು



ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಪ್ರವಚನದ ನಿಮಿತ್ತ ನಾವು ಸಂಚರಿಸುವಾಗ ಇತ್ತೀಚಿನ ವರ್ಷಗಳಲ್ಲಿ ಒಂದೇ ಬಗೆಯ ಮಾತು ಅನೇಕ ಮನೆಗಳಲ್ಲಿ ಕಿವಿಗೆ ಬೀಳುತ್ತಿದೆ. "ಮಗಾ ಧಾರವಾಡದಾಗ ಓದಾಕತ್ತಾನ್ರಿ, ನಾಕು ವರ್ಷ ಆತು" ಎಂದು ತಂದೆ ಹೇಳುತ್ತಾರೆ. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೂ ಹೇಳುವುದಿಲ್ಲ. ಮಗ ಹಬ್ಬಕ್ಕೆಂದು ಊರಿಗೆ ಬಂದಿದ್ದರೂ ಪಡಸಾಲೆಗೆ ಬಂದು ಕೂಡುವುದಿಲ್ಲ.

ಧಾರವಾಡದ ಸಪ್ತಾಪುರವು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆ ಹೆಸರಾದ ಸ್ಥಳ. ಬಾಡಿಗೆಯ ಕೋಣೆಗಳಲ್ಲಿ ಕುಳಿತು ಓದುವ ಒಕ್ಕಲಿನ ಮನೆಯ ಮಕ್ಕಳು ಅಲ್ಲಿ ಬಹಳ. ಅವರ ಕಾಯುವಿಕೆ ಎಂಥದೆಂಬುದಕ್ಕೆ ಒಂದೇ ನಿದರ್ಶನ ಸಾಕು. 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರ್ ತಿಂಗಳಲ್ಲಿ ನಡೆದ ಪರೀಕ್ಷೆಯು ಅಕ್ರಮಗಳ ಕಾರಣದಿಂದ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವನಿಗೂ ಎರಡು ವರ್ಷಗಳು ಹೀಗೆಯೇ ಕಳೆದವು. ಊರಿನ ಮನೆಯಲ್ಲಿ ಈ ಲೆಕ್ಕ ಯಾರಿಗೂ ತಿಳಿದಿರುವುದಿಲ್ಲ. ತಿಳಿದಿರುವುದು ಕೋಣೆಯ ಬಾಡಿಗೆಯ ಲೆಕ್ಕ, ಹತ್ತಿ ಮಾರಿ ಕಳಿಸಿದ ಹಣದ ಲೆಕ್ಕ.

ಇಂಥ ಮನೆಗಳಲ್ಲಿ ತಂದೆ ಮಗನೊಡನೆ ನೇರವಾಗಿ ಮಾತನಾಡುವುದು ಅಪರೂಪ. ತಂದೆಯ ಪ್ರಶ್ನೆ ತಾಯಿಯ ಬಾಯಿಂದ ಬರುತ್ತದೆ, ಮಗನ ಉತ್ತರವೂ ಅವಳ ಮೂಲಕವೇ ಮರಳುತ್ತದೆ. ಎರಡೂ ಕಡೆಯ ಕಹಿಯನ್ನು ತಾನೇ ನುಂಗುವ ಆ ತಾಯಿಯ ಸ್ಥಿತಿಯನ್ನು ಯಾರೂ ವಿಚಾರಿಸುವುದಿಲ್ಲ. ಕಾಕಾನ ಮಗನಿಗೆ ಬ್ಯಾಂಕಿನಲ್ಲಿ ನೌಕರಿಯಾಯಿತೆಂಬ ಮಾತು ದಿನಕ್ಕೆರಡು ಸಲ ಕೇಳಿಬರುತ್ತದೆ. ಹೆಣ್ಣುಮಗಳಿದ್ದರೆ ಹೋಲಿಕೆಯ ಬದಲು ಅವಸರವಿರುತ್ತದೆ. ಸೋದರಮಾವನಿಗೇ ಕೊಡುವುದೆಂದು ಹಿರಿಯರು ನಿಶ್ಚಯಿಸಿದ ಮೇಲೆ ಅವಳ ಒಪ್ಪಿಗೆಯನ್ನು ಕೇಳುವ ಪರಿಪಾಠವೇ ಅನೇಕ ಮನೆಗಳಲ್ಲಿಲ್ಲ. ಅವಳ ಮೌನವನ್ನು ಸಂಸ್ಕಾರವೆಂದು ಹೊಗಳುತ್ತಾರೆ. ನಮಗೆ ಆ ಹೊಗಳಿಕೆ ಹಿಡಿಸುವುದಿಲ್ಲ.

ಮನೆಯ ಮಾತಿಗೂ ಮನಸ್ಸಿನ ಆರೋಗ್ಯಕ್ಕೂ ಇರುವ ಸಂಬಂಧವನ್ನು ವೈದ್ಯಶಾಸ್ತ್ರವು ಬಹುಕಾಲದಿಂದ ಪರಿಶೀಲಿಸುತ್ತ ಬಂದಿದೆ. ಸ್ಕಿಜೋಫ್ರೀನಿಯಾ ಎಂಬ ಕಠಿಣ ಮನೋರೋಗದಿಂದ ಗುಣಹೊಂದಿ ಮನೆಗೆ ಮರಳಿದವರನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಸಂಗಡಿಗರು ಅಭ್ಯಸಿಸಿ 1972ರಲ್ಲಿ ಪ್ರಕಟಿಸಿದರು. ಸದಾ ದೂಷಣೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಅತಿಕಾಳಜಿ ಇದ್ದ ಮನೆಗಳಿಗೆ ಹೋದವರಲ್ಲಿ ರೋಗ ಮರುಕಳಿಸಿದ್ದು ಹೆಚ್ಚು ಎಂದು ಅವರು ಕಂಡರು. ದೂಷಣೆಯೊಡನೆ ಅತಿಕಾಳಜಿಯನ್ನೂ ಸೇರಿಸಿದ್ದು ಗಮನಾರ್ಹ. ಮಗನಿಗಾಗಿ ವಾರಕ್ಕೆ ಮೂರು ಉಪವಾಸ ಮಾಡಿ ಅದನ್ನು ಅವನಿಗೆ ತಿಳಿಸುತ್ತಲೇ ಇರುವ ಪ್ರೀತಿಯೂ ಭಾರವೇ. ಮುಂದೆ ಚಂಡೀಗಡದಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಭ್ಯಾಸದಲ್ಲಿ, ನಮ್ಮ ದೇಶದ ಕುಟುಂಬಗಳಲ್ಲಿ ಇಂಥ ಕಟುತ್ವವು ಲಂಡನ್ನಿಗಿಂತ ಕಡಿಮೆಯೆಂದು ಕಂಡುಬಂದಿತು. ಹೆಮ್ಮೆಪಡುವ ಸಂಗತಿಯೇ ಹೌದು. ಆದರೆ ಅದು ರೋಗಿಯೆಂದು ಗುರುತಿಸಲ್ಪಟ್ಟವನ ಬಗೆಗಿನ ಸಹನೆ. ರೋಗಿಯಲ್ಲದ, ಕೇವಲ ಸೋತು ಕುಳಿತ ಮಗನ ವಿಷಯದಲ್ಲಿ ನಮ್ಮ ಮನೆಗಳಿಗೆ ಅಷ್ಟು ಸಹನೆ ಇದೆಯೆಂದು ನಾವು ಹೇಳಲಾರೆವು.

ಉಪನಯನವನ್ನು ಒಲ್ಲದೆ ಬಸವಣ್ಣನವರು ತಂದೆಯ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ನಡೆದ ಪ್ರಸಂಗವನ್ನು ನಾವೆಲ್ಲ ತತ್ತ್ವದ ದೃಷ್ಟಿಯಿಂದ ಓದುತ್ತೇವೆ. ಅದನ್ನೊಂದು ಕುಟುಂಬದ ಘಟನೆಯಾಗಿ ಓದಿದವರು ಕಡಿಮೆ. ಹಿರಿಯರ ನಿರ್ಧಾರಕ್ಕೆ ಒಪ್ಪದ ಎಳೆಯನೊಬ್ಬನ ಪಕ್ಕದಲ್ಲಿ ಅಕ್ಕ ನಾಗಮ್ಮ ನಿಂತರೆಂದು ಪರಂಪರೆ ಹೇಳುತ್ತದೆ. ಸಂಗಮದಲ್ಲಿ ಗುರುವಿನ ಆಸರೆ ದೊರೆಯಿತು. ನಮ್ಮ ಮನೆಗಳಲ್ಲಿ ಆ ಅಕ್ಕನ ಸ್ಥಾನದಲ್ಲಿ ಯಾರಿದ್ದಾರೆ? ಹಿಂದೆ ಆಯಿ ಇರುತ್ತಿದ್ದಳು, ಮದುವೆಯಾಗಿ ಅದೇ ಊರಿನಲ್ಲಿದ್ದ ಅತ್ತೆ ಇರುತ್ತಿದ್ದಳು. ಈಗ ಹೊಲಗಳು ಪಾಲಾಗಿ ಮನೆಗಳು ಚಿಕ್ಕವಾಗಿವೆ. ಮಠದ ಅಜ್ಜಾವರಲ್ಲಿಗೆ ಮಗನನ್ನು ಕರೆತರುವವರೂ "ಇವನಿಗೆ ಸ್ವಲ್ಪ ಬುದ್ಧಿ ಹೇಳ್ರಿ" ಎನ್ನುತ್ತಾರೆಯೇ ಹೊರತು, "ಇವನ ಮಾತು ಕೇಳ್ರಿ" ಎಂದವರನ್ನು ನಾವು ಕಂಡದ್ದು ವಿರಳ.

ನಿದ್ರೆ ಕೆಟ್ಟು, ಅನ್ನ ಸೇರದೆ, ಗೆಳೆಯರನ್ನೂ ಬಿಟ್ಟು ವಾರಗಟ್ಟಲೆ ಕೋಣೆ ಸೇರಿದ ಮಗನಿಗೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುತ್ತ ಕಾಲ ಕಳೆಯಬಾರದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ನಮ್ಮ ಸೀಮೆಗೆ ಅದು ದೂರವಲ್ಲ. ಅಲ್ಲಿಗೆ ಹೋದದ್ದು ತಿಳಿದರೆ ಹೆಣ್ಣು ಕೊಡುವುದಿಲ್ಲವೆಂಬ ಅಂಜಿಕೆಯಿಂದಲೇ ಎಷ್ಟೋ ಮನೆಗಳು ತಡಮಾಡುತ್ತವೆ. ಬದುಕು ಸಾಕೆಂದು ಅವನು ಹೇಳಿದರೆ ಗದರಿಸದೆ ಎದುರು ಕುಳಿತು ಕೇಳಬೇಕು. ಕೇಳಿದರೆ ಆ ವಿಚಾರ ಬೆಳೆಯುವುದೆಂಬ ಭಯಕ್ಕೆ ಆಧಾರವಿಲ್ಲವೆಂದು ವೈದ್ಯರು ಹೇಳುತ್ತಾರೆ. ಅಂಥ ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣೆಯನ್ನು ಕೀಲಿ ಹಾಕಿ ಇಡಬೇಕು, ಮಗನನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲಿರುಳು ಕರೆ ಮಾಡಬಹುದು. ಹಣ ಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮಗನೇ ಮಾಡಬೇಕೆಂದಿಲ್ಲ, ತಂದೆತಾಯಿಗಳೂ ಮಾಡಬಹುದು.