ನಮ್ಮ ತಲೆಯ ಮೇಲಿನ 140 ಕಿಲೋಮೀಟರ್



ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೂ ಕೊಯಮತ್ತೂರಿನ ಪೀಳಮೇಡು ನಿಲ್ದಾಣಕ್ಕೂ ಆಕಾಶಮಾರ್ಗದಲ್ಲಿ ಸುಮಾರು 140 ಕಿಲೋಮೀಟರ್. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಕೋಟಗಿರಿಯ ಪಕ್ಕದಲ್ಲಿ, ನಮ್ಮ ಚಹಾ ತೋಟಗಳ ಮೇಲೆಯೇ ಹಾದುಹೋಗುತ್ತದೆ. ಇಷ್ಟು ಹತ್ತಿರದ ನಿಲ್ದಾಣಗಳ ನಡುವೆ ವಿಮಾನ ಹಾರಿದರೆ ಸಾಕು, ಅರ್ಧ ಗಂಟೆಯ ದಾರಿ, ಬೆಟ್ಟದ ಸೀಮೆ ಉದ್ಧಾರವಾಯಿತು ಎನ್ನುವವರಿದ್ದಾರೆ. ಈ ಅರ್ಧ ಗಂಟೆ ಯಾರ ಗಡಿಯಾರದ್ದು ಎಂದು ನಾವು ಕೇಳುತ್ತೇವೆ.

ಹತ್ತಿರದ ಊರುಗಳಿಗೆ ಹಾರುವ ಎ.ಟಿ.ಆರ್. ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತದೆ. ಲೆಕ್ಕ ಹಾಕಿದರೆ 17 ನಿಮಿಷ! ಆದರೆ ಆ ವೇಗ ಮೇಲೇರಿದ ನಂತರ ಮಾತ್ರ. ನಿಂತ ಜಾಗದಿಂದ ರನ್‌ವೇಗೆ ಸಾಗುವುದು, ಏರುವುದು, ಇಳಿಯುವುದು ಸೇರಿದರೆ ಮುಕ್ಕಾಲು ಗಂಟೆ ಎಂದಿಟ್ಟುಕೊಳ್ಳಿರಿ. ತಪಾಸಣೆಗೆಂದು ಒಂದೂವರೆ ಗಂಟೆ ಮುಂಚೆ ಹೋಗಬೇಕು. ಇಳಿದ ಮೇಲೆ ಗಂಟುಮೂಟೆಗೆ ಕಾಯಬೇಕು. ದಿಲ್ಲಿಗೆ ಹೋಗುವವನಿಗೆ ವಿಮಾನದಿಂದ ದಿನಗಳೇ ಉಳಿಯುತ್ತವೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. 140 ಕಿಲೋಮೀಟರಿಗಾದರೋ ಹಾರುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು.

ಇನ್ನು ನಮ್ಮ ಲೆಕ್ಕ. ಕೋಟಗಿರಿ ಕಡೆಯ ಲೈನುಮನೆಯವರು ಮೈಸೂರಿನ ಆಸ್ಪತ್ರೆಗೆ ಹೋಗಬೇಕಾದರೆ ಊಟಿ, ಗುಂಡ್ಲುಪೇಟೆಯ ಮೂಲಕ ಉತ್ತರಕ್ಕೆ ಹೋಗುತ್ತಾರೆ. ವಿಮಾನ ಹಿಡಿಯಬೇಕೆಂದರೆ ಮೊದಲು ದಕ್ಷಿಣಕ್ಕೆ ತಿರುಗಿ, ಮೆಟ್ಟುಪಾಳಯಕ್ಕೆ 33 ಕಿಲೋಮೀಟರ್ ಘಾಟಿ ಇಳಿದು, ಅಲ್ಲಿಂದ ಹೆಚ್ಚುಕಡಿಮೆ ಅಷ್ಟೇ ದೂರ ಪೀಳಮೇಡಿಗೆ ಹೋಗಿ, ಕಾದು, ಹಾರಿ, ತಾವು ಬಿಟ್ಟುಬಂದ ಮನೆಯ ಮಾಡಿನ ಮೇಲೆಯೇ ಹಿಂದಿರುಗಬೇಕು!

ಬಂಡೀಪುರದ ಕಾಡುದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಆಂಬುಲೆನ್ಸಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ಬಿಡುವು. ಕಾಡುಪ್ರಾಣಿಗಳ ಜೀವಕ್ಕೆ ಆ ಕಟ್ಟಳೆ ಬೇಕು. ಆದುದರಿಂದಲೇ ಹಗಲಿನ ಬಸ್ಸುಗಳು ಇನ್ನಷ್ಟು ಬೇಕು.

ಹಣದ ಮಾತು ನೋಡೋಣ. 2016ರಲ್ಲಿ ಪ್ರಕಟವಾದ ಉಡಾನ್ ಯೋಜನೆ, ಒಂದು ಗಂಟೆಯ ಹಾರಾಟದ ರಿಯಾಯಿತಿ ಸೀಟಿಗೆ ಆರಂಭದಲ್ಲಿ 2,500 ರೂಪಾಯಿಯ ಮಿತಿ ಹಾಕಿತು. ನಮಗೆ ಅದು ಐದಾರು ದಿನದ ಕೂಲಿ. ವಿಮಾನ ಕಂಪನಿಗೆ ಬೀಳುವ ಕೊರತೆಯನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡೂ ಇತ್ತು. ಫಲವೇನು? ಸಿ.ಎ.ಜಿ.ಯ 2023ರ ವರದಿಯ ಪ್ರಕಾರ, ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371. ಮೂರು ವರ್ಷ ಪೂರೈಸಿದ್ದು 112. ಆಸರೆ ತೆಗೆದ ಮೇಲೂ ಉಳಿದದ್ದು 54. ನಷ್ಟ ತುಂಬುವ ಕೈ ಹಿಂದೆ ಸರಿದೊಡನೆ ವಿಮಾನವೂ ಸರಿಯಿತು. ಇದೇ ಸರ್ಕಾರಗಳು ತೋಟದ ದಾರಿಯ ಬಸ್ಸು ಕೇಳಿದರೆ ನಷ್ಟದ ಪಟ್ಟಿ ಓದುತ್ತವೆ!

ಬಂಧುಗಳೇ, ಯಾವ ಸಭೆಯಲ್ಲಾದರೂ ವಿಮಾನದ ಮಾತು ಬಂದಾಗ ಎದ್ದುನಿಂತು ಮೂರು ಪ್ರಶ್ನೆ ಕೇಳಿರಿ. ನಮ್ಮ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿಗೆ ಎಷ್ಟು ಗಂಟೆ? ಟಿಕೆಟ್ಟಿಗೆ ಎಷ್ಟು ದಿನದ ಕೂಲಿ? ಸಹಾಯಧನ ನಿಂತ ಮೇಲೆ ಹಾರಿಸುವವರು ಯಾರು? ಇವಕ್ಕೆ ಉತ್ತರ ಬರುವ ತನಕ ನಮ್ಮ ಬೇಡಿಕೆ ಇಷ್ಟೇ: ಹೊತ್ತಿಗೆ ಸರಿಯಾಗಿ ಬಸ್ಸು ಬರಲಿ, ಮಳೆಗಾಲದಲ್ಲಿ ಕುಸಿಯದ ಘಾಟಿ ರಸ್ತೆಯಿರಲಿ.