ಮಜ್ಜಿಗೆ ಕುಡಿದರೆ ಮಾತ್ರೆ ಬಿಡಬಹುದೇ?

ಕಬಿನಿ ದಡದ ಮರಕ್ಕಡವಿನಿಂದ ಓದುಗರೊಬ್ಬರು ಬರೆದಿದ್ದಾರೆ. ಮಗನಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವಾಗಿ ಹುಣ್ಣಾಗುವ ಕಾಯಿಲೆ. ಎರಡು ವರ್ಷದಿಂದ ಮೆಸಲಮೀನ್ ಮಾತ್ರೆ ನಡೆದಿದೆ, ರಕ್ತ ಹೋಗುವುದು ನಿಂತಿದೆ. ಕರುಳನ್ನು ಕಾಯುವುದು ಒಳ್ಳೆಯ ಬ್ಯಾಕ್ಟೀರಿಯಾಗಳೇ ಎನ್ನುತ್ತಾರಲ್ಲ, ಮನೆಯ ಮಜ್ಜಿಗೆಯನ್ನೇ ನೆಚ್ಚಿ ಮಾತ್ರೆ ನಿಲ್ಲಿಸಲೇ ಎಂಬುದು ಅವರ ಪ್ರಶ್ನೆ.

ನಿಲ್ಲಿಸಬಾರದು. ಆದರೆ ಅವರು ಕೇಳಿದ ಮಾತಿನಲ್ಲಿ ಅರ್ಧ ನಿಜವಿರುವುದರಿಂದ ಸ್ವಲ್ಪ ವಿವರಿಸಬೇಕಾಗಿದೆ.

ನಾವು ತಿಂದ ನಾರಿನಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಈ ರೋಗಿಗಳಲ್ಲಿ ಅಂಥ ಬ್ಯಾಕ್ಟೀರಿಯಾಗಳು ಕಡಿಮೆಯಾಗಿರುವುದು ಕಂಡುಬಂದಿದೆ. ಹಾಗಾದರೆ ಹೊರಗಿನಿಂದ ತುಂಬಿದರಾಯಿತಲ್ಲ? ಎಲ್ಲ ಬ್ಯಾಕ್ಟೀರಿಯಾಗಳೂ ಒಂದೇ ಅಲ್ಲ. 1917ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ, ಜೊತೆಯವರಿಗೆಲ್ಲ ಭೇದಿಯಾದರೂ ತಾನು ಗಟ್ಟಿಯಾಗಿದ್ದ ಸೈನಿಕನೊಬ್ಬನ ಮಲದಿಂದ ಒಂದು ತಳಿಯನ್ನು ಬೇರ್ಪಡಿಸಿದರು. 327 ರೋಗಿಗಳ ಮೇಲೆ ಒಂದು ವರ್ಷ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಮನವಾದ ಕಾಯಿಲೆ ಮರುಕಳಿಸದಂತೆ ತಡೆಯಲು ಆ ತಳಿ ಮೆಸಲಮೀನಿನಷ್ಟೇ ಸಮರ್ಥವೆನಿಸಿತು. ನಮ್ಮ ಮಜ್ಜಿಗೆಯಲ್ಲಿ ಆ ತಳಿ ಇಲ್ಲ. ಕ್ರೋನ್ಸ್ ಕಾಯಿಲೆಯಲ್ಲಂತೂ ಇಂಥ ಔಷಧಗಳಿಂದ ಹೇಳಿಕೊಳ್ಳುವ ಪ್ರಯೋಜನ ಕಂಡಿಲ್ಲ.

ಆರೋಗ್ಯವಂತರ ಮಲವನ್ನು ಶುದ್ಧೀಕರಿಸಿ ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯೂ ಇದೆ. ಕೇಳಿದರೆ ಮುಖ ಸಿಂಡರಿಸುವಂತಾಗುತ್ತದೆ, ನಿಜ. ಲೂಧಿಯಾನದ ವೈದ್ಯರು ಶಮನ ಸ್ಥಿತಿಯಲ್ಲಿದ್ದ 61 ಜನರಿಗೆ 8 ವಾರಕ್ಕೊಮ್ಮೆಯಂತೆ 48 ವಾರ ಪ್ರಯೋಗ ನಡೆಸಿ 2019ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದ 31 ಜನರಲ್ಲಿ 18 ಮಂದಿಯ ಕರುಳು ಒಳಗಿನಿಂದಲೂ ವಾಸಿಯಾಗಿತ್ತು, ಬರಿಯ ತೋರಿಕೆಯ ಚಿಕಿತ್ಸೆ ಪಡೆದ 30ರಲ್ಲಿ 8 ಮಂದಿಯದು ಮಾತ್ರ. ಇವರೆಲ್ಲ ತಮ್ಮ ಮಾಮೂಲಿ ಔಷಧವನ್ನು ಮುಂದುವರಿಸಿಯೇ ಇದ್ದರು ಎಂಬುದನ್ನು ಗಮನಿಸಬೇಕು.

ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಉರಿಯೂತ ವರ್ಷಗಟ್ಟಲೆ ಉಳಿದರೆ ದೊಡ್ಡ ಕರುಳಿನ ಕ್ಯಾನ್ಸರಿನ ಭಯವೂ ಬೆಳೆಯುತ್ತದೆ. ಮರಕ್ಕಡವಿನಂಥ ಊರಿನಲ್ಲಿ ಕೊಲೊನೋಸ್ಕೋಪಿಗೆಂದು ಹೊರಟರೆ ಹೊಳೆಯಾಚೆ ಬೈರಕುಪ್ಪೆಯಿಂದ ಮೈಸೂರಿನವರೆಗೆ ಕಾಡಿನ ದಾರಿ, ಇಲ್ಲವೇ ಘಟ್ಟ ಇಳಿದು ಕೋಳಿಕ್ಕೋಡು. ಆ ದೂರಕ್ಕೆ ಅಂಜಿ ಮಲದಲ್ಲಿ ರಕ್ತ ಬಂದುದನ್ನು ಮೂಲವ್ಯಾಧಿಯೆಂದು ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ. ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ತೋರುತ್ತದೆ. ಎರಡಕ್ಕೂ ಔಷಧ ಬೇರೆ ಬೇರೆ, ಆದ್ದರಿಂದ ಪರೀಕ್ಷೆ ತಪ್ಪಿಸುವಂತಿಲ್ಲ.

ಮಜ್ಜಿಗೆ ಒಗ್ಗುವುದಾದರೆ ಧಾರಾಳವಾಗಿ ಕುಡಿಯಲಿ, ಅದು ಊಟದ ಭಾಗ. ಹೊತ್ತು ಮುಳುಗಿದ ಮೇಲೆ ಏನನ್ನೂ ಸೇವಿಸದ ನಮ್ಮ ಮನೆಗಳಲ್ಲಿ ರಾತ್ರಿಯ ಮಾತ್ರೆ ತಪ್ಪಿಹೋಗುವುದುಂಟು. ಮೆಸಲಮೀನನ್ನು ದಿನಕ್ಕೆ ಒಮ್ಮೆಲೇ ಕೊಟ್ಟರೂ ಗುಣ ಕಡಿಮೆಯಾಗುವುದಿಲ್ಲವೆಂದು ಪರೀಕ್ಷೆಗಳಲ್ಲಿ ಕಂಡಿದೆ. ಬೆಳಗಿನ ಹೊತ್ತಿಗೇ ಹೊಂದಿಸಿಕೊಡುವಂತೆ ವೈದ್ಯರನ್ನು ಕೇಳಬಹುದು. ಉಪವಾಸ ಕೈಗೊಳ್ಳುವ ಮೊದಲೂ ಅವರನ್ನು ವಿಚಾರಿಸುವುದು ಒಳ್ಳೆಯದು. ಇನ್ನೊಂದು ಮಾತು: ಅಂಗಡಿಯ ಬ್ಯಾಕ್ಟೀರಿಯಾ ಔಷಧಗಳ ಕ್ಯಾಪ್ಸೂಲಿನ ಕವಚ ಎಷ್ಟೋ ಸಲ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ನಿನದು. ಪುಡಿಯ ಪೊಟ್ಟಣವಿದೆಯೇ ಎಂದು ಕೇಳಿ ಕೊಳ್ಳಿ.